ಬಂಗು, ಸಿಬ್ಬು, ಸೊನೆಯ ಕಲೆ: ಮುಖದ ಬಣ್ಣ ಸಮಗೊಳಿಸುವ ಕ್ರೀಮುಗಳನ್ನು ಆರಿಸಿ ಬಳಸುವ ಕ್ರಮ

ಮಾವಿನ ಕಾಲದಲ್ಲಿ ನಮ್ಮ ಕುಮಟಾ, ಅಂಕೋಲಾ ಕಡೆಯ ಔಷಧ ಅಂಗಡಿಯ ಮುಂದೆ ಅರ್ಧ ತಾಸು ನಿಂತರೆ, ಮುಖದ ಕಲೆಗೆ ಕ್ರೀಮು ಕೇಳುವ ಎರಡು ಮೂರು ಮಂದಿಯಾದರೂ ಸಿಗುತ್ತಾರೆ. ಒಬ್ಬರದು ಕರಿ ಇಶಾಡು ಮಾವು ಕೊಯ್ಯುವಾಗ ಸೊನೆ ಸಿಡಿದು ಸುಟ್ಟ ಗಾಯದ ಕಲೆ, ಇನ್ನೊಬ್ಬರದು ಬಸಿರಿನಲ್ಲಿ ಮೂಡಿ ಹೆರಿಗೆಯಾದ ಮೇಲೂ ಹೋಗದ ಬಂಗು, ಮತ್ತೊಬ್ಬರದು ಬೆವರಿನ ದಿನಗಳಲ್ಲಿ ಎದೆ ಬೆನ್ನುಗಳಿಗೆ ಹರಡಿದ ಸಿಬ್ಬು. ಕಾರಣ ಬೇರೆ, ಚರ್ಮದಲ್ಲಿ ಕಲೆ ಕುಳಿತ ಆಳ ಬೇರೆ, ಮದ್ದೂ ಬೇರೆ. ಆದರೂ ಮೂವರೂ ಒಂದೇ ಟ್ಯೂಬು ಹಿಡಿದು ಮನೆಗೆ ಹೋಗುವುದುಂಟು. ನಾನೂ ಒಂದು ಕಾಲದಲ್ಲಿ ಹಾಗೆಯೇ ಹೋದವಳು. ಅದರಿಂದ ಆದ ಹಾನಿಯನ್ನು ಸರಿಪಡಿಸಿಕೊಳ್ಳಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತಾದ್ದರಿಂದ, ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳುವುದು ಒಳ್ಳೆಯದು. ಇಲ್ಲಿ ವಿವರಿಸುವ ಮದ್ದುಗಳ ಗುರಿ ಅಲ್ಲಲ್ಲಿ ಹೆಚ್ಚಾಗಿ ಸೇರಿಕೊಂಡ ಬಣ್ಣವನ್ನು ಸುತ್ತಲಿನ ಚರ್ಮದ ಬಣ್ಣಕ್ಕೆ ತರುವುದು, ಅಷ್ಟೆ. ಹುಟ್ಟಿನಿಂದ ಬಂದ ಮೈಬಣ್ಣವನ್ನು ಬೆಳ್ಳಗೆ ಮಾಡುವ, ಅಪಾಯವಿಲ್ಲದ ಕ್ರೀಮು ಯಾವುದೂ ಇಲ್ಲ. ಹಾಗೆ ಮಾಡುತ್ತೇವೆಂದು ಹೇಳಿಕೊಳ್ಳುವ ಡಬ್ಬಿಗಳಲ್ಲಿಯೇ ಅತಿ ಹೆಚ್ಚು ವಿಷ ಸಿಕ್ಕಿದೆ.

ಮೊದಲ ಹೆಜ್ಜೆ: ಕಲೆಯ ಹೆಸರು ತಿಳಿಯುವುದು

ಹಗಲಿನ ಬೆಳಕು ಚೆನ್ನಾಗಿ ಬರುವ ಕಿಟಕಿಯ ಬಳಿ ಕನ್ನಡಿ ಹಿಡಿದು ಕುಳಿತು, ಕಲೆ ಎಲ್ಲಿದೆ, ಎರಡೂ ಬದಿಗೆ ಸಮನಾಗಿದೆಯೇ, ಅಂಚು ಹೇಗಿದೆ, ಮುಟ್ಟಿದರೆ ದಪ್ಪವೋ ನುಣುಪೋ ಎಂಬುದನ್ನು ನೋಡಿಕೊಳ್ಳಬೇಕು. ಕೆನ್ನೆಯ ಎರಡೂ ಬದಿ, ಹಣೆ, ಮೂಗಿನ ಮೇಲ್ಭಾಗ, ಮೇಲ್ದುಟಿ ಇವುಗಳಲ್ಲಿ ಭೂಪಟದ ಅಂಚಿನಂತೆ ಹರಡಿದ ಕಂದು ಬಣ್ಣ ಸಾಮಾನ್ಯವಾಗಿ ಬಂಗು. ಇದು ಹೆಂಗಸರಲ್ಲಿ ಹೆಚ್ಚು. ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ ಮತ್ತು ಬಿಸಿಲು ಇದರ ಮುಖ್ಯ ಕಾರಣಗಳು. ಮೊಡವೆ, ಸುಟ್ಟ ಗಾಯ, ಕಜ್ಜಿ ಮಾಸಿದ ಜಾಗದಲ್ಲಷ್ಟೇ ಉಳಿದ ಕಪ್ಪು ಉರಿಯೂತದ ನಂತರದ ಕಲೆ. ಮಾವಿನ ಸೊನೆ, ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಗುಳ್ಳೆಯೆದ್ದು ಒಣಗಿದ ಮೇಲೆ ಉಳಿಯುವ ಕಪ್ಪೂ ಇದೇ ಜಾತಿಯದು. ಇದು ಬಂಗಿಗಿಂತ ಸುಲಭವಾಗಿ ಹೋಗುತ್ತದೆ, ಕೆರೆಯದೆ ಬಿಟ್ಟರೆ ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನೇ ಮಾಸುತ್ತದೆ.

ಇನ್ನು ಕೆಲವು ಕಲೆಗಳಿಗೆ ಬಣ್ಣ ತಿಳಿಯಾಗಿಸುವ ಕ್ರೀಮು ಬೇಕಾಗಿಯೇ ಇಲ್ಲ. ಎದೆ, ಬೆನ್ನು, ಕುತ್ತಿಗೆಗಳಲ್ಲಿ ನವಿರಾದ ಹೊಟ್ಟಿನೊಂದಿಗೆ ಬಿಳಿಚಾಗಿಯೋ ಕಂದಾಗಿಯೋ ಕಾಣುವ ಸಣ್ಣ ಮಚ್ಚೆಗಳು ಸಿಬ್ಬು. ಇದು ಚರ್ಮದ ಮೇಲೆ ಸಹಜವಾಗಿಯೇ ಇರುವ ಒಂದು ಶಿಲೀಂಧ್ರ ಸೆಕೆ ಮತ್ತು ಬೆವರಿನಲ್ಲಿ ಅತಿಯಾಗಿ ಬೆಳೆದು ಬರುವ ತೊಂದರೆ. ಕೀಟೋಕೊನಜೋಲ್ ಅಥವಾ ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂವನ್ನು ವೈದ್ಯರು ಹೇಳಿದ ಕ್ರಮದಲ್ಲಿ ಹಚ್ಚಿ ತೊಳೆದರೆ ಶಿಲೀಂಧ್ರ ಹೋಗುತ್ತದೆ. ಬಣ್ಣ ಮಾತ್ರ ಸಮವಾಗಲು ಮತ್ತೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಬೇಕು. ಆ ಅವಧಿಯಲ್ಲಿ ಮದ್ದು ಹಿಡಿಯಲಿಲ್ಲವೆಂದು ಬೇಸತ್ತು ಬೇರೆ ಬೇರೆ ಕ್ರೀಮು ಹಚ್ಚಬಾರದು. ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದ ಚರ್ಮವನ್ನು ಕೊಳೆಯೆಂದು ತಿಕ್ಕುವವರಿದ್ದಾರೆ. ಅದು ಬಹಳ ಸಲ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು. ಅಂಥವರು ಮೊದಲು ಸಕ್ಕರೆ ಪರೀಕ್ಷೆ ಮಾಡಿಸಬೇಕು, ತೂಕ ಹೆಚ್ಚಿದ್ದರೆ ಇಳಿಸಬೇಕು; ಬಣ್ಣ ಅದರ ಹಿಂದೆಯೇ ತಿಳಿಯಾಗುತ್ತದೆ. ಹೀರೇಕಾಯಿಯ ನಾರಿನಿಂದ ವರ್ಷಗಟ್ಟಲೆ ಬೆನ್ನು ತಿಕ್ಕಿಕೊಂಡವರ ಮೇಲ್ಬೆನ್ನಿನಲ್ಲಿ ಅಲೆಯಲೆಯಾಗಿ ಕಾಣುವ ಕಪ್ಪಿಗೆ ಆ ತಿಕ್ಕುವಿಕೆಯೇ ಒಂದು ಕಾರಣ. ಶಿರಸಿ, ಸಿದ್ದಾಪುರದ ಮಳೆಗಾಲದಲ್ಲಿ ದಿನವೂ ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸುವ ಹಿರಿಯರ ಮೊಣಕಾಲ ಕೆಳಗೆ ಬಲೆಯಂತೆ ಮೂಡುವ ಕಂದು ಗೆರೆಗಳು ಬೆಂಕಿಯ ಕಾವಿನಿಂದ ಬಂದವು. ಒಲೆಯಿಂದ ದೂರ ಕುಳಿತರೆ ಅವು ಹೆಚ್ಚುವುದು ನಿಲ್ಲುತ್ತದೆ.

ಹಣೆಯ ನಡುವೆ ಕುಂಕುಮವಿಡುವ ಜಾಗದಲ್ಲಷ್ಟೇ ಕಪ್ಪಾಗಿದ್ದರೆ ಕುಂಕುಮದಲ್ಲಿ ಬೆರೆಸಿದ ಬಣ್ಣವನ್ನೂ, ಕೂದಲಂಚಿನಲ್ಲಿ ಮತ್ತು ಕೆನ್ನೆಯ ಪಕ್ಕದಲ್ಲಿ ಬೂದುಗಪ್ಪಾಗಿದ್ದರೆ ಕೂದಲಿಗೆ ಹಚ್ಚುವ ಡೈಯನ್ನೂ ಅನುಮಾನಿಸಬೇಕು. ಒಗ್ಗದ ವಸ್ತುವನ್ನು ಬಿಡದೆ ಮದ್ದು ಹಚ್ಚುವುದರಿಂದ ಪ್ರಯೋಜನವಿಲ್ಲ.

ಎರಡು ಗುರುತುಗಳನ್ನು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಬಿಳಿಚಾದ ಅಥವಾ ಕೆಂಪು ಛಾಯೆಯ ಮಚ್ಚೆಯ ಮೇಲೆ ಹತ್ತಿಯ ಎಳೆ ತಾಗಿಸಿದರೆ ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠರೋಗದ ಲಕ್ಷಣವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಔಷಧವಿದೆ, ಬೇಗ ಆರಂಭಿಸಿದರೆ ಪೂರ್ತಿ ಗುಣವಾಗುತ್ತದೆ. ಒಂಟಿಯಾದ ಕಪ್ಪು ಮಚ್ಚೆ ಬೆಳೆಯುತ್ತಿದ್ದರೆ, ಅಂಚು ಅಂಕುಡೊಂಕಾಗುತ್ತಿದ್ದರೆ, ರಕ್ತ ಒಸರುತ್ತಿದ್ದರೆ ಅದಕ್ಕೆ ಯಾವ ಕ್ರೀಮನ್ನೂ ಮುಟ್ಟಿಸಬಾರದು. ಉಳಿದವರಿಗೂ ಒಮ್ಮೆ ಚರ್ಮವೈದ್ಯರಿಗೆ ತೋರಿಸಿ ಹೆಸರು ಖಚಿತಪಡಿಸಿಕೊಳ್ಳುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಒಂದು ದಿನ ಹೋಗಿಬರುವ ಬಸ್ಸಿನ ಖರ್ಚು, ತಪ್ಪು ಕ್ರೀಮುಗಳಿಗೆ ಸುರಿಯುವ ಹಣಕ್ಕಿಂತ ಕಡಿಮೆಯೇ ಆಗುತ್ತದೆ. ಕಂದು ಬಣ್ಣ ಮೇಲ್ಪದರದಲ್ಲಿದೆಯೋ, ಬೂದು ನೀಲಿಯ ಛಾಯೆಯೊಂದಿಗೆ ಒಳಪದರಕ್ಕೆ ಇಳಿದಿದೆಯೋ ಎಂಬುದನ್ನು ಅವರು ವುಡ್ಸ್ ದೀಪವೆಂಬ ಉಪಕರಣದ ಬೆಳಕಿನಲ್ಲಿ ನೋಡಬಲ್ಲರು. ಒಳಗಿಳಿದ ಬಣ್ಣ ಹಚ್ಚುವ ಮದ್ದಿಗೆ ಅಷ್ಟಾಗಿ ಜಗ್ಗುವುದಿಲ್ಲ. ಅದನ್ನು ಮೊದಲೇ ತಿಳಿದಿದ್ದರೆ ಮುಂದೆ ನಿರಾಶೆಯಾಗುವುದಿಲ್ಲ.

ಎರಡನೆಯ ಹೆಜ್ಜೆ: ಈಗ ಹಚ್ಚುತ್ತಿರುವುದನ್ನೆಲ್ಲ ಹೊರತೆಗೆದು ಓದುವುದು

ಮನೆಯಲ್ಲಿರುವ ಕ್ರೀಮು, ಸೋಪು, ಎಣ್ಣೆ, ಪುಡಿಗಳನ್ನೆಲ್ಲ ಒಂದು ಕಡೆ ಇಟ್ಟು ಹೊರಗಿನ ಅಕ್ಷರಗಳನ್ನು ಓದಬೇಕು. ಅಕ್ಷರ ಸಣ್ಣದಾಗಿದ್ದರೆ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಬಹುದು. ಹುಡುಕಬೇಕಾದದ್ದು ಎರಡು ಬಗೆಯ ವಸ್ತುಗಳನ್ನು.

ಮೊದಲನೆಯದು ಸ್ಟೀರಾಯ್ಡ್, ಅಂದರೆ ಚರ್ಮದ ಉರಿಯೂತವನ್ನು ತಗ್ಗಿಸುವ ಔಷಧ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೋಲೋನ್ ಎಂಬ ಹೆಸರುಗಳು ಕಂಡರೆ ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದೆಯೆಂದೇ ಅರ್ಥ. ಇವು ಕೆಲವು ಚರ್ಮರೋಗಗಳಿಗೆ ಅಮೂಲ್ಯವಾದ ಔಷಧಗಳು. ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್, ಮೇಲ್ಪದರ ಬೇಗ ಉದುರಿಸುವ ಟ್ರೆಟಿನಾಯಿನ್ ಮತ್ತು ಸ್ಟೀರಾಯ್ಡ್ ಮೂರನ್ನೂ ಬೆರೆಸಿ ಬಂಗಿಗೆ ಹಚ್ಚುವ ಕ್ರಮವನ್ನು 1975ರಲ್ಲಿ ಅಮೆರಿಕದ ಚರ್ಮವೈದ್ಯ ಕ್ಲಿಗ್ಮನ್ ಮತ್ತು ಅವರ ಸಹೋದ್ಯೋಗಿ ವಿಲ್ಲಿಸ್ ಪ್ರಕಟಿಸಿದರು, ವೈದ್ಯರು ಇಂದಿಗೂ ಅದರ ಸೌಮ್ಯ ರೂಪವನ್ನು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಇದೇ ಬಗೆಯ ಮಿಶ್ರಣವನ್ನು ತೀಕ್ಷ್ಣ ಸ್ಟೀರಾಯ್ಡ್ ಸೇರಿಸಿ, ಚೀಟಿಯಿಲ್ಲದೆ, ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದಾಗ ಅನಾಹುತವಾಗುತ್ತದೆ.

ನನಗೆ ಆದದ್ದು ಅದೇ. ಎರಡನೆಯ ಬಾಣಂತನ ಮುಗಿದ ಮೇಲೆ ಬಂಗು ಎದ್ದು ಕಾಣತೊಡಗಿದಾಗ ಅಂಗಡಿಯೊಂದರಲ್ಲಿ ಕೊಟ್ಟ ಸಣ್ಣ ಟ್ಯೂಬನ್ನು ಹಚ್ಚಿದೆ. ಹದಿನೈದು ದಿನಗಳಲ್ಲಿ ಮುಖ ತಿಳಿಯಾಯಿತು, ಕೇಳಿದವರಿಗೆಲ್ಲ ಅದರ ಹೆಸರನ್ನೂ ಹೇಳಿದೆ. ಆರು ತಿಂಗಳ ಹೊತ್ತಿಗೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಕೆನ್ನೆಯಲ್ಲಿ ಕೆಂಪು ನರಗಳೂ ರೋಮಗಳೂ ಕಾಣಿಸಿಕೊಂಡವು, ಒಲೆಯ ಮುಂದೆ ನಿಂತರೆ ಮುಖ ಉರಿಯುತ್ತಿತ್ತು. ಒಂದು ದಿನ ಹಚ್ಚದಿದ್ದರೆ ಕೆಂಪಾಗಿ ಮೊಡವೆಗಳೇಳುತ್ತಿದ್ದವು, ಹಚ್ಚಿದರೆ ತಣಿಯುತ್ತಿದ್ದವು. ಹಾಗೆ ತಣಿಯುವುದನ್ನೇ ನಾನು ಮದ್ದಿನ ಗುಣವೆಂದು ನಂಬಿದ್ದೆ. ಕೊನೆಗೆ ಚರ್ಮವೈದ್ಯರು ನೋಡಿ, ಸ್ಟೀರಾಯ್ಡಿನಿಂದ ಹಾಳಾದ ಮುಖ ಎಂಬುದಕ್ಕೆ ಈಗ ಪ್ರತ್ಯೇಕವಾದ ಹೆಸರೇ ಇದೆಯೆಂದೂ, ತಮ್ಮ ಬಳಿ ಬರುವವರಲ್ಲಿ ನನ್ನಂಥವರು ಬಹಳ ಮಂದಿಯೆಂದೂ ತಿಳಿಸಿದರು. 2018ರಲ್ಲಿ ಕೇಂದ್ರ ಸರ್ಕಾರ ಮುಖಕ್ಕೆ ಮೈಗೆ ಹಚ್ಚುವ ಹಲವು ಸ್ಟೀರಾಯ್ಡುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದರೆ ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ. ಆದ್ದರಿಂದ ಟ್ಯೂಬಿನ ಮೇಲೆ ನೋಂದಾಯಿತ ವೈದ್ಯರ ಚೀಟಿಗೆ ಮಾತ್ರ ಎಂಬ ಎಚ್ಚರಿಕೆ ಇದ್ದರೆ, ಅದು ಸೌಂದರ್ಯದ ಕ್ರೀಮಲ್ಲ, ಔಷಧವೆಂದು ತಿಳಿಯಬೇಕು. ತಿಂಗಳುಗಳಿಂದ ಇಂಥದ್ದನ್ನು ಹಚ್ಚುತ್ತಿದ್ದವರು ಇದನ್ನು ಓದಿ ಗಾಬರಿಯಿಂದ ಒಮ್ಮೆಲೇ ಬಿಡಬಾರದು. ಒಮ್ಮೆಲೇ ಬಿಟ್ಟರೆ ಮುಖ ಉಗ್ರವಾಗಿ ಕೆರಳುತ್ತದೆ. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋದರೆ, ಹಂತಹಂತವಾಗಿ ಬಿಡಿಸುವ ದಾರಿಯನ್ನು ಅವರು ತೋರಿಸುತ್ತಾರೆ.

ಎರಡನೆಯದು ಪಾದರಸ. ಬಣ್ಣದ ಉತ್ಪಾದನೆಯನ್ನು ತಡೆಯುವ ಗುಣ ಅದಕ್ಕಿರುವುದರಿಂದಲೇ ಬೇಗ ಬೆಳ್ಳಗೆ ಮಾಡುವ ಕ್ರೀಮುಗಳಲ್ಲಿ ಅದನ್ನು ಬೆರೆಸುತ್ತಾರೆ, ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರದಲ್ಲಿ ಪ್ರೋಟೀನು ಸೋರುವ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದಾಗ, ಅವರಲ್ಲಿ 15 ಮಂದಿಗೆ ಅದರ ಅಪರೂಪದ ರೂಪವಿತ್ತು, ಆ 15 ಮಂದಿಯಲ್ಲಿ 13 ಮಂದಿ ಬಿಳಿಚಿಸುವ ಕ್ರೀಮು ಹಚ್ಚುತ್ತಿದ್ದರು. ನಮ್ಮ ದೇಶದ ನಿಯಮದಲ್ಲಿ ಸೌಂದರ್ಯವರ್ಧಕಗಳಿಗೆ ಪಾದರಸವನ್ನು ಬೆರೆಸುವಂತಿಲ್ಲ. ಅರಿಯದೆ ಸೇರಿದ್ದರೂ, ಕಣ್ಣಿನ ಸುತ್ತ ಬಳಸುವಂಥವುಗಳನ್ನು ಬಿಟ್ಟು ಉಳಿದವುಗಳಲ್ಲಿ, ಅದು ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಕೂಡದು.

ಇಂಥ ಡಬ್ಬಿಗಳು ನಮ್ಮ ಕಡೆಗೆ ಬರುವ ದಾರಿ ಸಾಮಾನ್ಯವಾಗಿ ಪ್ರೀತಿಯದೇ ಆಗಿರುತ್ತದೆ. ಹೊರದೇಶದಲ್ಲಿ ದುಡಿಯುವ ಅಣ್ಣ, ಮಾವ, ನೆರೆಮನೆಯವರು ಊರಿಗೆ ಬರುವಾಗ ಹೆಂಗಸರಿಗೆಂದು ತಂದುಕೊಡುತ್ತಾರೆ. ಕೊಟ್ಟವರ ಮನಸ್ಸು ಒಳ್ಳೆಯದೇ ಆದರೂ ಡಬ್ಬಿಯನ್ನು ಪರೀಕ್ಷಿಸಲೇಬೇಕು. ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ, ಇಲ್ಲಿ ತಯಾರಾಗಿದ್ದರೆ ಪರವಾನಗಿ ಸಂಖ್ಯೆ, ಆಮದಾಗಿದ್ದರೆ ಆಮದು ನೋಂದಣಿ ಸಂಖ್ಯೆ ಇರಬೇಕು. ಇವಿಲ್ಲದ ಡಬ್ಬಿಯನ್ನು ಬಳಸಬಾರದು. ಮರ್ಕ್ಯುರಿ, ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್ ಎಂದು ಬರೆದಿದ್ದರೆ ಪಾದರಸವಿರುವುದು ಖಚಿತ. ಏನೂ ಬರೆಯದೆ, ಚಿನ್ನ ಬೆಳ್ಳಿಯ ಒಡವೆಗೆ ತಾಗಿಸಬೇಡಿ ಎಂಬ ಎಚ್ಚರಿಕೆ ಮಾತ್ರ ಇದ್ದರೂ ಪಾದರಸದ ಅನುಮಾನ ಪಡಬೇಕು. ಅಂಥದ್ದನ್ನು ಬಳಸಿದವರಿಗೆ ಮುಖ ಕಾಲು ಊದಿಕೊಂಡರೆ ಅಥವಾ ಮೂತ್ರ ನೊರೆನೊರೆಯಾಗಿ ಹೋಗುತ್ತಿದ್ದರೆ ಕೂಡಲೇ ಮೂತ್ರ ಪರೀಕ್ಷೆ ಮಾಡಿಸಿ, ಕ್ರೀಮಿನ ವಿಷಯವನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಅಡುಗೆಮನೆಯ ಮದ್ದುಗಳ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಡಲೆಹಿಟ್ಟಿನಿಂದ ಮೃದುವಾಗಿ ಮುಖ ತೊಳೆದರೆ ಹಾನಿಯಿಲ್ಲ, ಹೆಚ್ಚಿನ ಲಾಭವೂ ಇಲ್ಲ. ಲಿಂಬೆರಸ ಮಾತ್ರ ಖಂಡಿತ ಬೇಡ. ಅದು ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ, ಮೊದಲಿಗಿಂತ ಗಾಢವಾದ ಕಲೆ ವಾರಗಟ್ಟಲೆ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಬಿಸಿಲನ್ನು ತಡೆಯುವುದು

ಚರ್ಮದ ಮೇಲ್ಪದರದ ತಳದಲ್ಲಿರುವ ಮೆಲನೊಸೈಟ್ ಎಂಬ ಕೋಶಗಳು ಟೈರೋಸಿನೇಸ್ ಎಂಬ ಕಿಣ್ವದ ನೆರವಿನಿಂದ ಮೆಲನಿನ್ ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಬಿಸಿಲು ಬಿದ್ದಾಗಲೆಲ್ಲ ಅವು ಚುರುಕಾಗುತ್ತವೆ. ರಾತ್ರಿ ಮದ್ದು ಹಚ್ಚಿ ಹಗಲು ಬರಿಮುಖದಲ್ಲಿ ಬಿಸಿಲಿಗಿಳಿದರೆ, ತೂತುಬಿದ್ದ ದೋಣಿಯಿಂದ ನೀರು ಮೊಗೆದಂತೆ ಆಗುತ್ತದೆ. ಈ ಹೆಜ್ಜೆ ಕೂಡಿಬರುವವರೆಗೆ ಮುಂದಿನ ಮದ್ದುಗಳಿಗೆ ಹಣ ಹಾಕಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕರಾವಳಿಯಲ್ಲಿ ಬಿಸಿಲು ಮೇಲಿನಿಂದಷ್ಟೇ ಬರುವುದಿಲ್ಲ. ಒಣ ಮರಳು ಸುಮಾರು ನೂರಕ್ಕೆ 15ರಷ್ಟು, ನೊರೆಯೆದ್ದ ಸಮುದ್ರ ನೂರಕ್ಕೆ 25ರಷ್ಟು ನೇರಳಾತೀತ ಕಿರಣಗಳನ್ನು ಮೇಲಕ್ಕೆ ಹಿಂದಿರುಗಿಸುತ್ತವೆ. ದಂಡೆಯಲ್ಲಿ ಮೀನು ಒಣಗಿಸುವವರಿಗೆ, ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ದುಡಿಯುವವರಿಗೆ, ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವವರಿಗೆ ಕೊಡೆಯ ನೆರಳೊಂದೇ ಸಾಲದಿರುವುದು ಇದರಿಂದ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಹೊರಗಿಳಿಯಬೇಡಿ ಎಂಬ ಉಪದೇಶವನ್ನು ಅವರಿಗೆ ಕೊಡುವುದು ಸುಲಭ, ಪಾಲಿಸುವುದು ಅಸಾಧ್ಯ, ಏಕೆಂದರೆ ನೀರಿಳಿತದ ಹೊತ್ತು ಗಡಿಯಾರಕ್ಕೆ ಕಾಯುವುದಿಲ್ಲ. ಅಂಥವರು ಕೆನ್ನೆಯನ್ನೂ ಮುಚ್ಚುವಂತೆ ಹತ್ತಿಯ ಬಟ್ಟೆ ಕಟ್ಟಿ, ಅದರ ಮೇಲೆ ಸುತ್ತಲೂ ಅಗಲ ಅಂಚಿರುವ ಟೊಪ್ಪಿ ಹಾಕಿಕೊಳ್ಳಬೇಕು. ಘಟ್ಟದ ಮೇಲಿನ ತೋಟಗಳಲ್ಲಿ ಹಾಕುವ ಹಾಳೆಟೊಪ್ಪಿ ತಲೆಯನ್ನು ಚೆನ್ನಾಗಿ ಕಾಯುತ್ತದೆ, ಆದರೆ ಅದಕ್ಕೆ ಅಂಚಿಲ್ಲದಿರುವುದರಿಂದ ಕೆನ್ನೆ ಬಿಸಿಲಿಗೇ ಉಳಿಯುತ್ತದೆ. ಅಂಗಳದಲ್ಲಿ ದಿನವಿಡೀ ಅಡಕೆ ಹರವುವವರು ಇದನ್ನು ನೆನಪಿಡಬೇಕು. ಅಡಕೆ ಬೇಯಿಸುವ ಒಲೆಯ ಕಾವಿನಿಂದಲೂ ಬಂಗು ಹೆಚ್ಚಬಹುದೆಂದು ಚರ್ಮವೈದ್ಯರು ಎಚ್ಚರಿಸುತ್ತಾರೆ. ಮಳೆಗಾಲದಲ್ಲಿಯೂ ಬಿಡುವಿಲ್ಲ, ತೆಳು ಮೋಡದ ಮೂಲಕ ನೂರಕ್ಕೆ 80ರವರೆಗಿನ ನೇರಳಾತೀತ ಕಿರಣಗಳು ಇಳಿದುಬರುತ್ತವೆ.

ಇನ್ನು ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು, ಜೊತೆಗೆ ಕಪ್ಪಾಗಿಸುವ ಕಿರಣಗಳ ತಡೆಯನ್ನು ತೋರಿಸುವ ಪಿಎ ಎಂಬುದರ ಮುಂದೆ ಕನಿಷ್ಠ ಮೂರು ಕೂಡು ಚಿಹ್ನೆ ಇರುವುದನ್ನು ಆರಿಸಬೇಕು. ಎಸ್‌ಪಿಎಫ್ 30 ಸುಡುವ ಕಿರಣಗಳಲ್ಲಿ ನೂರಕ್ಕೆ ಸುಮಾರು 97ನ್ನೂ 50 ಸುಮಾರು 98ನ್ನೂ ತಡೆಯುತ್ತದೆ, ಆದ್ದರಿಂದ ದೊಡ್ಡ ಸಂಖ್ಯೆಗೆ ಹೆಚ್ಚು ಹಣ ಕೊಡುವುದಕ್ಕಿಂತ ಸಾಕಷ್ಟು ಹಚ್ಚುವುದು ಮುಖ್ಯ. ತೋರುಬೆರಳು ಮತ್ತು ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಗಳಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮೊದಲು ಹಚ್ಚಿ, ಬಿಸಿಲಿನಲ್ಲಿರುವಷ್ಟು ಹೊತ್ತು ಎರಡು ತಾಸಿಗೊಮ್ಮೆ, ಬೆವರು ಒರೆಸಿಕೊಂಡಾಗಲೆಲ್ಲ ಮತ್ತೆ ಹಚ್ಚಬೇಕು. ಒಂದು ಸಲಕ್ಕೆ ಸುಮಾರು ಒಂದು ಗ್ರಾಂ ಬೇಕಾಗುವುದರಿಂದ, ದಿನಕ್ಕೆರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಒಂದು ತಿಂಗಳೂ ಬಾಳಲಾರದು. ಮೂರು ತಿಂಗಳು ಬಂದಿತೆಂದರೆ ಹಚ್ಚುವುದು ಸಾಲುತ್ತಿಲ್ಲ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ, ಅದನ್ನು ತಡೆಯಲು ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಉತ್ತಮ. ಕಿಟಕಿಯ ಗಾಜು ಸುಡುವ ಕಿರಣಗಳನ್ನು ತಡೆದರೂ ಕಪ್ಪಾಗಿಸುವ ಕಿರಣಗಳನ್ನು ಬಿಡುತ್ತದೆ, ಹೀಗಾಗಿ ಕಾರವಾರದಿಂದ ಭಟ್ಕಳದವರೆಗೆ ದಿನವೂ ಓಡಾಡುವವರು ಬಿಸಿಲು ಬೀಳದ ಬದಿಯ ಸೀಟು ಹಿಡಿಯುವುದು ಒಳಿತು.

ನಾಲ್ಕನೆಯ ಹೆಜ್ಜೆ: ಮದ್ದನ್ನು ಆರಿಸುವುದು

ಎರಡು ಮೂರು ವಾರ ಬಿಸಿಲಿನ ಶಿಸ್ತು ನಡೆಸಿದ ಮೇಲೆ, ಮುಖ ಕೆರಳಿಲ್ಲದಿದ್ದರೆ, ಒಂದೇ ಒಂದು ಮದ್ದನ್ನು ಆರಂಭಿಸಬೇಕು. ಚೀಟಿಯಿಲ್ಲದೆ ಆರಂಭಿಸಬಹುದಾದವುಗಳಲ್ಲಿ ನಾನು ಮೊದಲು ಹೇಳುವುದು ನಿಯಾಸಿನಮೈಡ್. ನೂರಕ್ಕೆ 4ರಿಂದ 5ರಷ್ಟು ಇದ್ದರೆ ಸಾಕು. ತಯಾರಾದ ಬಣ್ಣ ಮೇಲಿನ ಕೋಶಗಳಿಗೆ ಸಾಗುವುದನ್ನು ಇದು ತಗ್ಗಿಸುತ್ತದೆ, ಉರಿ ಕಡಿಮೆ, ಚರ್ಮದ ತೇವವನ್ನೂ ಕಾಪಾಡುತ್ತದೆ. ವಿಟಮಿನ್ ಸಿ ಸೀರಮ್ಮು ಒಳ್ಳೆಯದಾದರೂ ನಮ್ಮ ಸೆಕೆಯಲ್ಲಿ ಬೇಗ ಕೆಡುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದನ್ನು ಎಸೆಯಬೇಕು. ಆಲ್ಫಾ ಆರ್ಬುಟಿನ್ ನೂರಕ್ಕೆ 2, ಕೋಜಿಕ್ ಆಮ್ಲ ನೂರಕ್ಕೆ 1ರಷ್ಟು ಇರುವ ಕ್ರೀಮುಗಳು ಟೈರೋಸಿನೇಸನ್ನು ತಡೆಯುತ್ತವೆ, ಆದರೆ ಕೋಜಿಕ್ ಆಮ್ಲ ಕೆಲವರಿಗೆ ಒಗ್ಗದೆ ತುರಿಕೆ ತರುತ್ತದೆ.

ಅಜೆಲೇಯಿಕ್ ಆಮ್ಲಕ್ಕೆ ನಾನು ಹೆಚ್ಚಿನ ಮನ್ನಣೆ ಕೊಡುತ್ತೇನೆ. ನೂರಕ್ಕೆ 10ರಿಂದ 20ರವರೆಗಿನ ಪ್ರಮಾಣದಲ್ಲಿ ಸಿಗುತ್ತದೆ, ಮೊಡವೆಯನ್ನೂ ಅದರ ಕಲೆಯನ್ನೂ ಒಟ್ಟಿಗೆ ತಗ್ಗಿಸುತ್ತದೆ, ಬಸುರಿಯರಿಗೂ ಅಪಾಯವಿಲ್ಲವೆಂದು ವೈದ್ಯರು ಒಪ್ಪುವ ಕೆಲವೇ ಮದ್ದುಗಳಲ್ಲಿ ಇದೂ ಒಂದು. ಮೊದಲ ಕೆಲವು ದಿನ ಸೂಜಿ ಚುಚ್ಚಿದಂತೆ ಆಗುತ್ತದೆ, ಅದು ಸಾಮಾನ್ಯವಾಗಿ ತಾನೇ ತಣಿಯುತ್ತದೆ.

ಹೈಡ್ರೋಕ್ವಿನೋನ್ ಈ ಎಲ್ಲಕ್ಕಿಂತ ಪ್ರಬಲ. ನೂರಕ್ಕೆ 2ರಿಂದ 4ರಷ್ಟು ಇರುವುದನ್ನು ವೈದ್ಯರ ಕಣ್ಣಳತೆಯಲ್ಲಿ, ಕಲೆಯ ಮೇಲಷ್ಟೇ, ರಾತ್ರಿ ಮಾತ್ರ, ಮೂರು ನಾಲ್ಕು ತಿಂಗಳಿಗೆ ಮೀರದಂತೆ ಹಚ್ಚಿದರೆ ಬಂಗಿಗೆ ಚೆನ್ನಾಗಿ ಹಿಡಿಯುತ್ತದೆ. ವರ್ಷಗಟ್ಟಲೆ ಹಚ್ಚಿದವರಲ್ಲಿ ಚರ್ಮವೇ ನೀಲಿಗಪ್ಪಾಗುವ ಓಕ್ರೊನೋಸಿಸ್ ಬರುವುದುಂಟು, ಅದು ಮೂಲ ಬಂಗಿಗಿಂತ ಮೊಂಡು. ಯುರೋಪಿನಲ್ಲಿ ಸೌಂದರ್ಯದ ಕ್ರೀಮುಗಳಲ್ಲಿ ಇದನ್ನು ನಿಷೇಧಿಸಿರುವುದೂ, ಅಮೆರಿಕದಲ್ಲಿ 2020ರಿಂದ ಚೀಟಿಯಿಲ್ಲದ ಮಾರಾಟ ನಿಂತಿರುವುದೂ ಸುಮ್ಮನೆ ಅಲ್ಲ. ಟ್ರೆಟಿನಾಯಿನ್ ಮೇಲ್ಪದರದ ಕೋಶಗಳು ಬೇಗ ಉದುರುವಂತೆ ಮಾಡುತ್ತದೆ, ಅದೂ ಚೀಟಿಯ ಔಷಧವೇ. ಬಸುರಿಯರು ಮತ್ತು ಬಸಿರಿಗೆ ಕಾಯುತ್ತಿರುವವರು ಇವೆರಡನ್ನೂ ಮುಟ್ಟಬಾರದು. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಮೊಂಡು ಬಂಗಿಗೆ ಕೆಲಸ ಮಾಡುತ್ತದಾದರೂ ರಕ್ತ ಹೆಪ್ಪುಗಟ್ಟುವ ತೊಂದರೆ ತನಗೋ ಮನೆತನಕ್ಕೋ ಇದ್ದವರಿಗೆ, ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ಅದು ಅಪಾಯಕಾರಿ, ಗೆಳತಿಯ ಚೀಟಿ ನೋಡಿ ಎಂದೂ ನುಂಗಬಾರದು. ಲೇಸರ್ ಮತ್ತು ಆಮ್ಲದ ಸಿಪ್ಪೆ ಸುಲಿಯುವ ಚಿಕಿತ್ಸೆಗಳು ನಮ್ಮಂಥ ಕಂದು ಚರ್ಮದಲ್ಲಿ ಸ್ವಲ್ಪ ಹದ ತಪ್ಪಿದರೂ ಹೊಸ ಕಲೆ ಬಿಟ್ಟುಹೋಗುತ್ತವೆ. ಅವುಗಳನ್ನು ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಿಕೊಳ್ಳಬಾರದು.

ಐದನೆಯ ಹೆಜ್ಜೆ: ಹಚ್ಚುವ ಕ್ರಮ

ಹೊಸ ಮದ್ದನ್ನು ಮೊದಲು ಮುಂಗೈಯ ಒಳಬದಿಯಲ್ಲಿ ನಾಣ್ಯದಗಲ ಜಾಗಕ್ಕೆ, ಆಮೇಲೆ ಕಿವಿಯ ಹಿಂದೆ, ಒಟ್ಟು ಐದಾರು ರಾತ್ರಿ ಹಚ್ಚಿ ನೋಡಬೇಕು. ಕೆಂಪು, ಗುಳ್ಳೆ, ತುರಿಕೆ ಕಾಣದಿದ್ದರೆ ಮಾತ್ರ ಮುಖಕ್ಕೆ.

ಸಂಜೆ ಕೆಲಸ ಮುಗಿದ ಮೇಲೆ ಸೌಮ್ಯವಾದ ಫೇಸ್‌ವಾಶ್ ಬಳಸಿ ಬೆರಳ ತುದಿಯಿಂದ ಮುಖ ತೊಳೆಯಬೇಕು. ಉಪ್ಪುಗಾಳಿ, ಬೆವರು, ಬೆಳಗಿನ ಸನ್‌ಸ್ಕ್ರೀನ್ ಇವು ಹೋಗಲು ಅಷ್ಟು ಸಾಕು. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಹತ್ತು ನಿಮಿಷ ಬಿಟ್ಟು, ಪೂರ್ತಿ ಮುಖಕ್ಕೆ ಹಚ್ಚುವ ಮದ್ದಾದರೆ ಬಟಾಣಿ ಕಾಳಿನಷ್ಟನ್ನು ತೆಳ್ಳಗೆ ಹರಡಬೇಕು, ಕಲೆಗೆ ಮಾತ್ರ ಹಚ್ಚುವುದಾದರೆ ಕಲೆಯ ಅಂಚು ದಾಟದಂತೆ ನೋಡಿಕೊಳ್ಳಬೇಕು. ಕಣ್ಣಿನ ರೆಪ್ಪೆ, ತುಟಿಯ ಮೂಲೆ, ಮೂಗಿನ ಸಂದುಗಳನ್ನು ಬಿಡಬೇಕು. ಅದರ ಮೇಲೆ ಸಾದಾ ಮಾಯಿಶ್ಚರೈಸರ್. ಮೊದಲ ಎರಡು ವಾರ ವಾರಕ್ಕೆರಡು ಮೂರು ರಾತ್ರಿ ಮಾತ್ರ, ಚರ್ಮ ತಾಳಿಕೊಂಡರೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಆಮೇಲೆ ದಿನವೂ. ಸಿಪ್ಪೆಯೆದ್ದರೆ ಮೂರು ನಾಲ್ಕು ದಿನ ನಿಲ್ಲಿಸಿ ಮತ್ತೆ ನಿಧಾನವಾಗಿ ಆರಂಭಿಸಬಹುದು. ಉರಿಯನ್ನು ಸಹಿಸಿಕೊಂಡು ಮುಂದುವರಿಸುವುದು ಧೈರ್ಯವೆಂದು ಕೆಲವರು ತಿಳಿಯುತ್ತಾರೆ. ನಮ್ಮ ಬಣ್ಣದ ಚರ್ಮದಲ್ಲಿ ಆ ಉರಿಯೇ ಹೊಸ ಕಪ್ಪನ್ನು ತರುತ್ತದೆ. ಎರಡನೆಯ ಮದ್ದನ್ನು ಸೇರಿಸುವುದಿದ್ದರೆ ಒಂದು ತಿಂಗಳ ಅಂತರವಿರಲಿ. ಆಗ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದು ತಿಳಿಯುತ್ತದೆ.

ಪ್ರತಿ ನಾಲ್ಕು ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತು, ಅದೇ ದೂರದಿಂದ ಒಂದು ಫೋಟೊ ತೆಗೆದಿಡಬೇಕು. ಮೇಲ್ಪದರದ ಚರ್ಮ ಹೊಸದಾಗಲು ಸುಮಾರು ನಾಲ್ಕು ವಾರ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು ದಿನ ಹಿಡಿಯುವುದರಿಂದ, ದಿನವೂ ಕನ್ನಡಿ ನೋಡಿದರೆ ಏನೂ ಆಗಿಲ್ಲವೆಂದೇ ತೋರುತ್ತದೆ. 8ರಿಂದ 12 ವಾರಗಳ ಹೊತ್ತಿಗೆ ಕಲೆಯ ಅಂಚು ಮಸುಕಾಗಿ ನಡುವಿನ ಬಣ್ಣ ತಿಳಿಯಾದರೆ ಮದ್ದು ಕೆಲಸ ಮಾಡುತ್ತಿದೆ. 12 ವಾರ ಕಳೆದರೂ ಫೋಟೊಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ಪ್ರಮಾಣ ಹೆಚ್ಚಿಸದೆ ವೈದ್ಯರ ಬಳಿಗೆ ಹೋಗಬೇಕು. ಬಹುಶಃ ಬಣ್ಣ ಒಳಪದರದಲ್ಲಿದೆ, ಇಲ್ಲವೇ ಕಲೆಯ ಹೆಸರೇ ಬೇರೆ ಇದೆ.

ಕಲೆ ಹೋದ ಮೇಲೆ

ಬಂಗು ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿರುವ ಕಾಯಿಲೆ. ಹೈಡ್ರೋಕ್ವಿನೋನ್‌ನಂಥ ಪ್ರಬಲ ಮದ್ದನ್ನು ಅವಧಿ ಮುಗಿದೊಡನೆ ವೈದ್ಯರ ಸಲಹೆಯಂತೆ ಬಿಟ್ಟು, ಅಜೆಲೇಯಿಕ್ ಆಮ್ಲ ಅಥವಾ ನಿಯಾಸಿನಮೈಡನ್ನು ಮುಂದುವರಿಸಬೇಕು. ಗರ್ಭನಿರೋಧಕ ಮಾತ್ರೆಯಿಂದ ಬಂದದ್ದಾದರೆ ಬೇರೆ ವಿಧಾನಕ್ಕೆ ಬದಲಾಯಿಸಬಹುದೇ ಎಂದು ಹೆರಿಗೆ ತಜ್ಞರನ್ನು ಕೇಳಬೇಕು. ಬಸಿರಿನಲ್ಲಿ ಬಂದ ಬಂಗು ಹೆರಿಗೆಯಾಗಿ ಕೆಲವು ತಿಂಗಳಲ್ಲಿ ತಾನೇ ಮಸುಕಾಗುವುದುಂಟು, ಆದ್ದರಿಂದ ಬಾಣಂತಿಯರು ಸನ್‌ಸ್ಕ್ರೀನ್ ಮಾತ್ರ ಹಚ್ಚಿ ಕಾಯುವುದೇ ಒಳ್ಳೆಯದು.

ನನ್ನ ಕೆನ್ನೆಯ ಬಂಗು ಈಗ ಮಳೆಗಾಲದಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ, ಮಾರ್ಚ್ ಬಂದೊಡನೆ ಎಡಗೆನ್ನೆಯ ಮೂಳೆಯ ಮೇಲೆ ಮೊದಲು ಇಣುಕುತ್ತದೆ. ಹಾಗಾಗಿ ಫೆಬ್ರವರಿಯ ಕೊನೆಗೇ ಹೊಸ ಸನ್‌ಸ್ಕ್ರೀನ್ ಟ್ಯೂಬು ತರಿಸಿ, ಅಜೆಲೇಯಿಕ್ ಆಮ್ಲವನ್ನು ವಾರಕ್ಕೆ ಮೂರು ರಾತ್ರಿಯಿಂದ ದಿನವೂ ಎಂಬಲ್ಲಿಗೆ ಏರಿಸುತ್ತೇನೆ, ಹಿಂದಿನ ವರ್ಷದ ಫೋಟೊವನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ, ಜೂನಿನಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಮೂರು ರಾತ್ರಿಗೆ ಇಳಿಸುತ್ತೇನೆ.